ಮರಣಶಯ್ಯೆಯ ಬಳಿ ಎಚ್ಚರವಿದ್ದವರು



ನಮ್ಮ ದೇವಾಲಯದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಚರಿತ್ರೆಗೆ ಸಂಬಂಧಪಟ್ಟ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿಕೊಂಡಾಗ, ಗೋಪುರ, ಗಂಟೆ, ಪೀಠ, ಹಿಂದಿನ ಗುರುಗಳ ಪಟ್ಟಿ ಇವುಗಳ ವಿಷಯದಲ್ಲಿ ನನಗಿಂತ ಹೆಚ್ಚು ಬಲ್ಲ ಹಿರಿಯರು ಊರಿನಲ್ಲಿಯೇ ಇರುವರೆಂದು ನಿವೇದಿಸಿಕೊಂಡೆನು. ಆದರೂ ಹಳೆಯ ದಾಖಲೆಗಳನ್ನು ತೆರೆದು ನೋಡದೆ ಇರಲಾಗಲಿಲ್ಲ. ಜ್ಞಾನಸ್ನಾನದ ಪುಸ್ತಕ, ವಿವಾಹದ ಪುಸ್ತಕ, ಮರಣದ ಪುಸ್ತಕ ಇವು ಮೂರೂ ಗುರುನಿವಾಸದ ಮರದ ಬೀರುವಿನಲ್ಲಿವೆ. ಮೊದಲಿನ ಎರಡನ್ನು ಜನರು ಆಗಾಗ್ಗೆ ಸರ್ಟಿಫಿಕೇಟಿಗಾಗಿ ತೆಗೆಸುತ್ತಾರೆ. ಮೂರನೆಯದನ್ನು ಕೇಳುವವರು ಕಡಿಮೆ. ಅದನ್ನು ನಾನು ಕಳೆದ ತಪಸ್ಸು ಕಾಲದಲ್ಲಿ ಅನೇಕ ರಾತ್ರಿಗಳು ಕುಳಿತು ಓದಿದೆನು.

ಹಳೆಯ ಪುಟಗಳು ಲತೀನಿನಲ್ಲಿವೆ. ಸತ್ತವರ ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ಮರಣದ ದಿನ, ಮಣ್ಣು ಮಾಡಿದ ದಿನ. ಬಳಿಕ ಬಹುತೇಕ ಪ್ರತಿಯೊಂದು ಸಾಲಿನ ಕೊನೆಯಲ್ಲಿಯೂ ‘ಸಾಕ್ರಮೆಂತಿಸ್ ಮುನೀತಾ’ ಎಂಬ ಮಾತು. ಸಂಸ್ಕಾರಗಳಿಂದ ಭದ್ರಗೊಂಡವಳು ಎಂದು ಅದರ ಅರ್ಥ. ಊರಿಗೆ ಕೋಟೆ ಕಟ್ಟುವುದಕ್ಕೂ ಲತೀನಿನಲ್ಲಿ ಇದೇ ಕ್ರಿಯಾಪದವಿದೆ. ಕೆಳಗೆ ಗುರುಗಳ ಸಹಿ. ಆ ಸಹಿಗಳನ್ನು ನೋಡಿ ನನಗೆ ಗೌರವವುಂಟಾಯಿತು. ಮಳೆಗಾಲದ ನಡುರಾತ್ರಿಯಲ್ಲಿ, ಲಾಂದ್ರ ಹಿಡಿದ ಉಪದೇಶಿಯ ಹಿಂದೆ ಮೈಲಿಗಟ್ಟಲೆ ನಡೆದುಹೋಗಿ ಎಣ್ಣೆ ಹಚ್ಚಿ ಬಂದವರು ಅವರು. ಆದರೆ ಪುಟ ತಿರುವಿದಂತೆಲ್ಲ ಒಂದು ಪ್ರಶ್ನೆ ಬಾಧಿಸತೊಡಗಿತು. ಗುರುವು ಬಂದದ್ದು ಯಾವ ಹೊತ್ತಿಗೋ, ಹೊರಟದ್ದು ಯಾವ ಹೊತ್ತಿಗೋ. ಆತ ಬರುವ ಮುನ್ನವೂ ಹೋದ ಮೇಲೆಯೂ ಆ ಚಾಪೆಯ ಪಕ್ಕದಲ್ಲಿ ಕುಳಿತಿದ್ದವರು ಯಾರು? ಬಾಯಿಗೆ ನೀರು ಬಿಟ್ಟವರು, ಮಲಮೂತ್ರ ತೆಗೆದವರು, ಹುಣ್ಣು ತೊಳೆದವರು ಯಾರು? ಅವರ ಹೆಸರು ಒಂದು ಸಾಲಿನಲ್ಲಿಯೂ ಇಲ್ಲ. ಧರ್ಮಸಭೆಯ ಕಾನೂನು ಅದನ್ನು ಕೇಳುವುದಿಲ್ಲ, ಆದ್ದರಿಂದ ಬರೆದಿಲ್ಲ. ಈ ಲೇಖನ ಆ ಬರೆಯದೆ ಉಳಿದವರ ಚರಿತ್ರೆಯನ್ನು ಕುರಿತದ್ದು. ಅಂದರೆ ಸಾಯುವವರ ಶುಶ್ರೂಷೆಯನ್ನೇ ತಮ್ಮ ಕಾಯಕವನ್ನಾಗಿ ಮಾಡಿಕೊಂಡ ದಾದಿಯರ ಚರಿತ್ರೆ.

ಈ ವಿಷಯವನ್ನು ಆರಿಸಿಕೊಳ್ಳಲು ನನಗೊಂದು ಸ್ವಂತ ಕಾರಣವೂ ಉಂಟು. ಅದನ್ನು ಮುಚ್ಚಿಟ್ಟು ಬರೆದರೆ ಪ್ರಾಮಾಣಿಕವಾಗಲಾರದು.

ಗುರುದೀಕ್ಷೆ ಪಡೆದ ಹೊಸದರಲ್ಲಿ, ಬೇರೊಂದು ಧರ್ಮಕೇಂದ್ರದಲ್ಲಿ ನಾನು ಸಹಾಯಕ ಗುರುವಾಗಿದ್ದೆನು. ಐವತ್ತರ ಆಸುಪಾಸಿನ ತಾಯಿಯೊಬ್ಬರಿಗೆ ಸ್ತನದ ಕ್ಯಾನ್ಸರ್ ಉಲ್ಬಣಿಸಿ, ಇನ್ನು ಮಾಡುವುದೇನೂ ಇಲ್ಲವೆಂದು ನಗರದ ಆಸ್ಪತ್ರೆಯಿಂದ ಮನೆಗೆ ಕಳುಹಿಸಿದ್ದರು. ಹುಣ್ಣು ಒಡೆದು ದುರ್ವಾಸನೆ ಮನೆಯನ್ನೆಲ್ಲ ತುಂಬಿತ್ತು. ನೆಂಟರು ಜಗಲಿಯಿಂದ ಒಳಕ್ಕೆ ಬರುತ್ತಿರಲಿಲ್ಲ. ಹತ್ತಿರದ ಕಾನ್ವೆಂಟಿನ ದವಾಖಾನೆಯಿಂದ ದಾದಿಯಾಗಿದ್ದ ಧರ್ಮಭಗಿನಿಯೊಬ್ಬರು ಬೆಳಿಗ್ಗೆ ಸಂಜೆ ನಡೆದು ಬಂದು ಹುಣ್ಣು ತೊಳೆದು ಹೋಗುತ್ತಿದ್ದರು. ನಾನು ಅಭ್ಯಂಗ ಮಾಡಿ, ಪರಮಪ್ರಸಾದವನ್ನು ಕೊಟ್ಟು, ನಿಮ್ಮ ನೋವನ್ನು ಪ್ರಭುವಿನ ಶಿಲುಬೆಯ ನೋವಿನೊಡನೆ ಒಂದುಗೂಡಿಸಿ ಅರ್ಪಿಸಿರಿ ಎಂದು ಗುರುಮಠದಲ್ಲಿ ಕಲಿತಂತೆ ಬೋಧಿಸಿದೆನು. ಆ ತಾಯಿ ತಲೆಯಾಡಿಸಿದರು. ಹೊರಗೆ ಬಂದಾಗ ಸಿಸ್ಟರ್ ಬಚ್ಚಲಿನ ಬಳಿ ಕೈ ತೊಳೆಯುತ್ತಿದ್ದರು.

“ಫಾದರ್, ತಾವು ಒಳಗೆ ಎಷ್ಟು ಹೊತ್ತು ಇದ್ದಿರಿ?” ಎಂದು ಕೇಳಿದರು.

“ಕಾಲು ಗಂಟೆ ಇದ್ದಿರಬಹುದು ಸಿಸ್ಟರ್.”

“ನಾನೂ ಈಗ ಹೊರಡುತ್ತೇನೆ. ಇನ್ನು ಬರುವುದು ನಾಳೆ ಬೆಳಿಗ್ಗೆ. ನಡುವೆ ಹನ್ನೆರಡು ಗಂಟೆ ಇದೆ ಫಾದರ್. ಆ ಹನ್ನೆರಡು ಗಂಟೆಗೆ ಕೊಡುವಂಥದ್ದು ನನ್ನ ಚೀಲದಲ್ಲಿ ಏನೂ ಇಲ್ಲ.”

ಮೂರು ದಿನಗಳ ತರುವಾಯ ಆ ತಾಯಿಯ ಮಗ ಗುರುನಿವಾಸಕ್ಕೆ ಬಂದನು. ಬಹಳ ಓಡಾಡಿದರೆ ಮಾರ್ಫಿನ್ ಎಂಬ ಔಷಧಿ ದೊರೆಯಬಹುದೆಂದು ವೈದ್ಯರು ಹೇಳಿದ್ದರಂತೆ. “ಸ್ವಾಮಿ, ಅದು ಅಫೀಮಲ್ಲವೇ? ಅದನ್ನು ಕೊಟ್ಟು ಅಮ್ಮ ಮಂಪರಿನಲ್ಲಿಯೇ ಹೋಗಿಬಿಟ್ಟರೆ ನಮಗೆ ಪಾಪ ಬರುವುದಿಲ್ಲವೇ?” ಎಂದು ಕೇಳಿದನು. ನನಗೆ ನಿಶ್ಚಯವಿರಲಿಲ್ಲ. ನಿಶ್ಚಯವಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. ಬೇಡವೆಂದೇ ತೋರುತ್ತದೆ ಎಂದುಬಿಟ್ಟೆನು. ಆ ತಾಯಿ ಮತ್ತೆ ಹತ್ತೊಂಬತ್ತು ದಿನ ಬದುಕಿದ್ದರು. ಅವರ ಕೂಗು ಬೀದಿಯ ತುದಿಗೆ ಕೇಳಿಸುತ್ತಿತ್ತು.

ಆ ಮಗನ ಪ್ರಶ್ನೆಗೆ ಉತ್ತರ ಅದಾಗಲೇ ಇತ್ತೆಂಬುದು ನನಗೆ ನೆನಪಾದದ್ದು ತಡವಾಗಿ. ಅದನ್ನು ಮುಂದೆ ಹೇಳುವೆನು. ಮೊದಲು ಚರಿತ್ರೆಯನ್ನು ನೋಡೋಣ.

ಸಾಯುವವರನ್ನು ನೋಡಿಕೊಳ್ಳುವ ಮನೆಗೆ ಇಂದು ಲೋಕದಲ್ಲೆಲ್ಲ ‘ಹಾಸ್ಪಿಸ್’ ಎಂಬ ಹೆಸರಿದೆ. ಇದರ ಮೂಲವಾದ ‘ಹೋಸ್ಪೆಸ್’ ಎಂಬ ಲತೀನ್ ಪದಕ್ಕೆ ಅತಿಥಿ ಎಂಬ ಅರ್ಥವೂ ಇದೆ, ಅತಿಥೇಯ ಎಂಬ ಅರ್ಥವೂ ಇದೆ. ಮಧ್ಯಯುಗದಲ್ಲಿ ಯಾತ್ರಿಕರಿಗೆ ಅನ್ನ, ಹಾಸಿಗೆ ಕೊಡುತ್ತಿದ್ದ ಮಠಗಳ ಛತ್ರಗಳಿಗೆ ಈ ಹೆಸರಿತ್ತು. ದಾರಿಯಲ್ಲಿ ಕಾಯಿಲೆ ಬಿದ್ದ ಯಾತ್ರಿಕನು ಅಲ್ಲಿಯೇ ಸಾಯುವುದೂ ಉಂಟಾಗಿತ್ತು. ಆದರೆ ಸಾಯುವವನ ಪಕ್ಕದಲ್ಲಿ ನಿಲ್ಲುವುದನ್ನೇ ವ್ರತವಾಗಿ ಸ್ವೀಕರಿಸಿದವರಲ್ಲಿ ಮೊದಲಿಗರಾಗಿ ನೆನೆಯಬೇಕಾದವರು ಸಂತ ಕಮಿಲ್ಲಸರು. 1550ರಲ್ಲಿ ಇಟಲಿಯಲ್ಲಿ ಜನಿಸಿದ ಅವರು ಮೊದಲು ಸಿಪಾಯಿ, ಜೂಜುಕೋರ. ಕಾಲಿನ ಮಾಯದ ಹುಣ್ಣಿನಿಂದಾಗಿ ರೋಮಿನ ಸಂತ ಯಕೋಬರ ಆಸ್ಪತ್ರೆಗೆ ಹೋಗಿ, ಅಲ್ಲಿ ಕೂಲಿ ಆಳುಗಳು ರೋಗಿಗಳನ್ನು ನಡೆಸಿಕೊಳ್ಳುತ್ತಿದ್ದ ಬಗೆಯನ್ನು ಕಣ್ಣಾರೆ ಕಂಡರು. ಹಣಕ್ಕಾಗಿ ಅಲ್ಲದೆ ಪ್ರೀತಿಗಾಗಿ ಶುಶ್ರೂಷೆ ಮಾಡುವವರ ಸಂಘವನ್ನು ಕಟ್ಟಿದರು. ಎದೆಯ ಮೇಲೆ ಕೆಂಪು ಶಿಲುಬೆ ಧರಿಸಿದ ಆ ಸಂಘಕ್ಕೆ 1586ರಲ್ಲಿ ಜಗದ್ಗುರು ಐದನೆಯ ಸಿಕ್ಸ್ತುಸರ ಅನುಮತಿ ದೊರೆಯಿತು. ಪ್ರಾಣಾಪಾಯವಿದ್ದರೂ ರೋಗಿಯನ್ನು ಬಿಡೆನೆಂಬುದು ಅವರ ನಾಲ್ಕನೆಯ ವ್ರತ. 1614ರ ಜುಲೈ 14ರಂದು ಕಮಿಲ್ಲಸರು ತೀರಿಕೊಂಡರು. ಈ ತಾರೀಖನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಕೋರುವೆನು.

ಅನಂತರದ ಎರಡು ಶತಮಾನಗಳನ್ನು ದಾಟಿ ಫ್ರಾನ್ಸಿನ ಲಿಯೋನ್ ಪಟ್ಟಣಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದ ಆಸ್ಪತ್ರೆಗಳು ಗುಣವಾಗುವ ರೋಗಿಗಳಿಗಾಗಿ ಇದ್ದವು. ಗುಣವಾಗದವರನ್ನು, ಅದರಲ್ಲಿಯೂ ವಾಸನೆ ಬರುವ ಹುಣ್ಣಿನವರನ್ನು, ಹೊರಗೆ ಕಳುಹಿಸುವುದು ವಾಡಿಕೆ. ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡಿದ್ದ ಜಾನ್ ಗಾರ್ನಿಯೇ ಎಂಬ ವಿಧವೆಯು 1842ರಲ್ಲಿ ತನ್ನಂತೆಯೇ ವಿಧವೆಯರಾಗಿದ್ದ ಕೆಲವರನ್ನು ಕೂಡಿಸಿಕೊಂಡು, ಹೀಗೆ ಹೊರದೂಡಲ್ಪಟ್ಟ ಸ್ತ್ರೀಯರಿಗಾಗಿ ಒಂದು ಮನೆಯನ್ನು ಆರಂಭಿಸಿದಳು. ಆ ಬಳಗಕ್ಕೆ ಕಲ್ವಾರಿಯ ಹೆಸರನ್ನೇ ಇಟ್ಟರು. ಶಿಲುಬೆಯ ಬುಡದಲ್ಲಿ ಕಡೆಯವರೆಗೆ ನಿಂತವರಲ್ಲಿ ಸ್ತ್ರೀಯರೇ ಹೆಚ್ಚೆಂಬುದನ್ನು ಶುಭಸಂದೇಶವೇ ಹೇಳುತ್ತದೆ. ಪ್ರೇಷಿತರ ಪೈಕಿ ಅಲ್ಲಿ ಕಾಣುವುದು ಒಬ್ಬನೇ. ಗುರುಗಳಾದ ನಾವು ಈ ಸಂಗತಿಯನ್ನು ಶುಭ ಶುಕ್ರವಾರ ಓದಿ ಮುಂದೆ ಹೋಗಿಬಿಡುತ್ತೇವೆ.

ಐರ್ಲೆಂಡಿನಲ್ಲಿ ಮದರ್ ಮೇರಿ ಐಕನ್‌ಹೆಡ್ ಎಂಬವರು 1815ರಲ್ಲಿ ಸಿಸ್ಟರ್ಸ್ ಆಫ್ ಚಾರಿಟಿ ಎಂಬ ಕನ್ಯಾಸ್ತ್ರೀಯರ ಸಭೆಯನ್ನು ಸ್ಥಾಪಿಸಿದರು. 1834ರಲ್ಲಿ ಡಬ್ಲಿನ್ ನಗರದಲ್ಲಿ ಸಂತ ವಿನ್ಸೆಂಟರ ಆಸ್ಪತ್ರೆಯನ್ನು ತೆರೆದರು. ಈ ತಾಯಿಯವರು ತಮ್ಮ ಜೀವಿತದ ಕೊನೆಯ ಅನೇಕ ವರ್ಷಗಳನ್ನು ರೋಗಿಯಾಗಿ, ಬಹುಮಟ್ಟಿಗೆ ಹಾಸಿಗೆಯಲ್ಲಿಯೇ ಕಳೆದು, ಅಲ್ಲಿಂದಲೇ ಪತ್ರ ಬರೆದು ಸಭೆಯನ್ನು ನಡೆಸಿದರು. 1858ರಲ್ಲಿ ಹೆರಾಲ್ಡ್ಸ್ ಕ್ರಾಸ್ ಎಂಬಲ್ಲಿಯ ಮನೆಯಲ್ಲಿ ತೀರಿಕೊಂಡರು. ಅದೇ ಮನೆಯನ್ನು 1879ರಲ್ಲಿ ಅವರ ಮಕ್ಕಳಾದ ಭಗಿನಿಯರು ಸಾಯುವ ಬಡವರ ಮನೆಯನ್ನಾಗಿ ಮಾಡಿದರು. ಅಲ್ಲಿಗೆ ಬಂದವರಲ್ಲಿ ಕ್ಷಯ ರೋಗಿಗಳೇ ಬಹಳ. ಔಷಧಿಯೆಂಬುದು ಇಲ್ಲದ ಕಾಲ. ಶುಭ್ರವಾದ ಹಾಸಿಗೆ, ಬಿಸಿ ಸೂಪು, ಕೆಮ್ಮಿನಿಂದ ಉಸಿರು ಸಿಕ್ಕಿಕೊಂಡಾಗ ಬೆನ್ನ ಹಿಂದೆ ಒಂದು ಕೈ, ಇಷ್ಟೇ ಅವರ ವೈದ್ಯ. ಇದೇ ಸಭೆಯವರು ಲಂಡನ್ನಿನ ಪೂರ್ವಭಾಗದ ಹ್ಯಾಕ್ನಿ ಎಂಬ ಬಡವರ ಕೇರಿಯಲ್ಲಿ 1905ರಲ್ಲಿ ಸಂತ ಜೋಸೆಫರ ಹಾಸ್ಪಿಸನ್ನು ತೆರೆದರು. ಸಂತ ಜೋಸೆಫರು ಸುಮರಣದ ಪಾಲಕರೆಂಬುದನ್ನು ನಮ್ಮ ಊರಿನ ಪ್ರತಿಯೊಂದು ಅಜ್ಜಿಯೂ ಬಲ್ಲಳು. ಆದುದರಿಂದ ಹೆಸರನ್ನು ವಿವರಿಸಬೇಕಾಗಿಲ್ಲ.

ಇಲ್ಲಿಯವರೆಗಿನದು ಪ್ರೀತಿಯ ಚರಿತ್ರೆ. ಆದರೆ ಪ್ರೀತಿಯೊಂದೇ ಸಾಕಾಗಲಿಲ್ಲವೆಂಬುದನ್ನು ನಾವು ಒಪ್ಪಿಕೊಳ್ಳಬೇಕು. ಆ ಮನೆಗಳಲ್ಲಿಯೂ ರೋಗಿಗಳು ನರಳಿಯೇ ಸಾಯುತ್ತಿದ್ದರು. ಪ್ರೀತಿಗೆ ವಿದ್ಯೆ ಕೂಡಿಕೊಂಡದ್ದು ಒಬ್ಬ ದಾದಿಯ ಮೂಲಕ.

ಸಿಸಿಲಿ ಸಾಂಡರ್ಸ್ 1918ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ನಮ್ಮ ಮತದವರಲ್ಲ, ಆಂಗ್ಲಿಕನ್ ಸಭೆಯವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಕ್ಸ್‌ಫರ್ಡಿನ ಓದನ್ನು ಬಿಟ್ಟು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ನೈಟಿಂಗೇಲ್ ಶಾಲೆಯಲ್ಲಿ ದಾದಿಯ ತರಬೇತಿ ಪಡೆದರು. ಬೆನ್ನುನೋವಿನಿಂದಾಗಿ ಆ ಕೆಲಸವನ್ನು ಬಿಡಬೇಕಾಯಿತು. ಆಸ್ಪತ್ರೆಯಲ್ಲಿಯೇ ರೋಗಿಗಳ ಸಂಸಾರದ ಕಷ್ಟಸುಖವನ್ನು ವಿಚಾರಿಸುವ ಉದ್ಯೋಗಕ್ಕೆ ಸೇರಿದರು. ಅಲ್ಲಿ 1947ರಲ್ಲಿ ಡೇವಿಡ್ ತಸ್ಮಾ ಎಂಬ ರೋಗಿಯ ಪರಿಚಯವಾಯಿತು. ಆತ ವಾರ್ಸಾದಿಂದ ಬಂದ ಪೋಲೆಂಡಿನ ಯೆಹೂದ್ಯ, ಹೋಟೆಲಿನ ಮಾಣಿ. ನಲವತ್ತರ ವಯಸ್ಸು, ಕ್ಯಾನ್ಸರ್, ಹತ್ತಿರದವರೆಂಬುವರು ಇಲ್ಲ. ಅವನ ಹಾಸಿಗೆಯ ಬಳಿ ಕುಳಿತು ಅವರಿಬ್ಬರೂ ಅವನಂಥವರಿಗೆ ಎಂತಹ ಮನೆ ಬೇಕೆಂದು ಮಾತನಾಡುತ್ತಿದ್ದರು. 1948ರ ಫೆಬ್ರವರಿಯಲ್ಲಿ ಅವನು ಸತ್ತಾಗ 500 ಪೌಂಡುಗಳನ್ನು ಆಕೆಗೆ ಬಿಟ್ಟುಹೋಗಿದ್ದನು. ಆಕೆ ಕಟ್ಟಲಿರುವ ಮನೆಗೆ ತಾನೊಂದು ಕಿಟಕಿಯಾಗುವೆನೆಂಬ ಮಾತಿನೊಂದಿಗೆ. ಮನೆ ಎದ್ದದ್ದು ಹತ್ತೊಂಬತ್ತು ವರ್ಷಗಳ ಮೇಲೆ.

ಆ ನಡುವಿನ ವರ್ಷಗಳಲ್ಲಿ ಆಕೆ ಸುಮ್ಮನಿರಲಿಲ್ಲ. ಲಂಡನ್ನಿನ ಸಂತ ಲೂಕರ ಹೆಸರಿನ ಮನೆಯಲ್ಲಿ ಸಂಜೆಯ ಹೊತ್ತು ಸಂಬಳವಿಲ್ಲದೆ ದುಡಿದರು. ಮೆಥೊಡಿಸ್ಟ್ ಸಭೆಯ ವೈದ್ಯರೊಬ್ಬರು 1893ರಲ್ಲಿ ಸಾಯುವ ಬಡವರಿಗಾಗಿ ಸ್ಥಾಪಿಸಿದ ಮನೆಯದು. ಅಲ್ಲಿಯ ದಾದಿಯರು ಬೇರೆ ಆಸ್ಪತ್ರೆಗಳಲ್ಲಿ ಇಲ್ಲದ ಒಂದು ಪದ್ಧತಿಯನ್ನು ನಡೆಸುತ್ತಿದ್ದರು. ನೋವು ಬರಲಿ ಬಾರದಿರಲಿ, ಗಡಿಯಾರ ನೋಡಿ, ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ದ್ರವವನ್ನು ಬಾಯಿಯ ಮೂಲಕ ಕೊಡುತ್ತಿದ್ದರು. ಬೇರೆಡೆಗಳಲ್ಲಿ ವೈದ್ಯರು ಚೀಟಿಯಲ್ಲಿ ‘ಪ್ರೊ ರೆ ನಾತಾ’ ಎಂದು ಲತೀನಿನಲ್ಲಿ ಬರೆಯುವುದು ರೂಢಿ. ಅಗತ್ಯ ಉಂಟಾದಾಗ ಎಂದು ಅರ್ಥ. ಅಂದರೆ ರೋಗಿಯು ನೋವಿನಿಂದ ಕೂಗಬೇಕು, ದಾದಿಯನ್ನು ಬೇಡಬೇಕು, ದಾದಿ ಮೇಲಿನವರನ್ನು ಕೇಳಬೇಕು, ಬೀಗ ತೆಗೆಯಬೇಕು, ಬಳಿಕ ಸೂಜಿ. ಅಷ್ಟರಲ್ಲಿ ನೋವು ಶಿಖರಕ್ಕೇರಿ, ಅದನ್ನು ಇಳಿಸಲು ಹೆಚ್ಚು ಔಷಧಿ ಬೇಕಾಗಿ, ರೋಗಿ ಮಂಪರಿಗೆ ಬಿದ್ದು, ಎಚ್ಚರವಾದಾಗ ಮರಳಿ ಅದೇ ಕೂಗು. ನಾನು ಪ್ರೀತಿಸುವ ಲತೀನ್ ಭಾಷೆಗೆ ಇದಕ್ಕಿಂತ ಕೆಟ್ಟ ಉಪಯೋಗವಾಗಿರಲಾರದು. ನೋವು ಮರಳುವ ಮುನ್ನವೇ ಔಷಧಿಯು ಹೊಟ್ಟೆಯಲ್ಲಿದ್ದರೆ ಪ್ರಮಾಣವೂ ಕಡಿಮೆ ಸಾಕು, ಬುದ್ಧಿಯೂ ತಿಳಿಯಾಗಿರುತ್ತದೆ, ನೋವಿನ ಭಯವೂ ತಪ್ಪುತ್ತದೆ. ಇದು ದಾದಿಯರ ಅನುಭವದಿಂದ ಬಂದ ಜ್ಞಾನ.

ಇದನ್ನೆಲ್ಲ ಕಂಡು ಮರಳಿ ದಾದಿಯಾಗಬೇಕೆಂದಿದ್ದ ಆಕೆಗೆ, ಸಾಯುವವರನ್ನು ಕೈಬಿಡುವವರು ವೈದ್ಯರೇ ಆದುದರಿಂದ ವೈದ್ಯಳಾಗು ಎಂದು ಶಸ್ತ್ರವೈದ್ಯರೊಬ್ಬರು ಸಲಹೆ ಕೊಟ್ಟರು. ಮೂವತ್ತು ದಾಟಿದ ಮೇಲೆ ವೈದ್ಯಶಾಲೆಗೆ ಸೇರಿ 1957ರಲ್ಲಿ ತೇರ್ಗಡೆಯಾದರು. 1958ರಿಂದ ಏಳು ವರ್ಷ ಹ್ಯಾಕ್ನಿಯ ಸಂತ ಜೋಸೆಫರ ಹಾಸ್ಪಿಸಿನಲ್ಲಿ ನಮ್ಮ ಭಗಿನಿಯರ ಜೊತೆ ಕೆಲಸ ಮಾಡಿದರು. ಈ ಏಳು ವರ್ಷಗಳೇ ಈ ಚರಿತ್ರೆಯ ಹೃದಯವೆಂದು ನನ್ನ ಅಭಿಪ್ರಾಯ. ಭಗಿನಿಯರಿಗೆ ರಾತ್ರಿಯಿಡೀ ಕುಳಿತಿರುವುದು ಗೊತ್ತಿತ್ತು, ಮೈ ತೊಳೆಯುವುದು ಗೊತ್ತಿತ್ತು, ಸಾಯುವವನ ಮುಖವನ್ನು ಹೆದರದೆ ನೋಡುವುದು ಗೊತ್ತಿತ್ತು. ಆದರೆ ಔಷಧಿಯನ್ನು ಕ್ರಮವಾಗಿ ಕೊಡುವುದಾಗಲಿ, ಪ್ರತಿಯೊಬ್ಬ ರೋಗಿಯ ವಿವರವನ್ನು ಬರೆದಿಡುವುದಾಗಲಿ ರೂಢಿಯಲ್ಲಿರಲಿಲ್ಲ. ಸಾಂಡರ್ಸರು ಗಡಿಯಾರದ ಪದ್ಧತಿಯನ್ನು ಅಲ್ಲಿ ತಂದರು, ದಾಖಲೆ ಬರೆಯತೊಡಗಿದರು. ನೋವೆಂಬುದು ದೇಹದ್ದು ಮಾತ್ರವಲ್ಲ, ಮನಸ್ಸಿನದೂ ಸಂಸಾರದ್ದೂ ಆತ್ಮದ್ದೂ ಕೂಡಿ ಒಂದೇ ನೋವಾಗಿರುತ್ತದೆಂಬ ಅವರ ಪ್ರಸಿದ್ಧ ವಿಚಾರ ಬೆಳೆದದ್ದು ಈ ರೋಗಿಗಳ ಮಾತನ್ನು ಕೇಳುತ್ತ ಕೇಳುತ್ತಲೇ. 1959ರಲ್ಲಿ ಈ ವಿಷಯದ ಲೇಖನಮಾಲೆಯೊಂದನ್ನು ಅವರು ಬರೆದದ್ದು ‘ನರ್ಸಿಂಗ್ ಟೈಮ್ಸ್’ ಎಂಬ ದಾದಿಯರ ಪತ್ರಿಕೆಗೆ ಎಂಬುದು ಗಮನಾರ್ಹ. 1967ರಲ್ಲಿ ಲಂಡನ್ನಿನ ದಕ್ಷಿಣದ ಸಿಡೆನ್‌ಹ್ಯಾಮಿನಲ್ಲಿ ಅವರ ಸ್ವಂತ ಹಾಸ್ಪಿಸ್ ತೆರೆಯಿತು. ಬಾಲಯೇಸುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದ ಸಂತ ಕ್ರಿಸ್ಟೋಫರರ ಹೆಸರಿನಲ್ಲಿ. ತಸ್ಮಾನ ಕಿಟಕಿ ಅದರ ಬಾಗಿಲ ಬಳಿಯಲ್ಲಿದೆ. 2005ರಲ್ಲಿ ಸಾಂಡರ್ಸರು ಅದೇ ಮನೆಯಲ್ಲಿ, ತಾವು ತರಬೇತಿ ಕೊಟ್ಟ ಪರಂಪರೆಯ ದಾದಿಯರ ಕೈಯಲ್ಲಿ ತೀರಿಕೊಂಡರು. ಆ ದಿನ ಜುಲೈ 14, ಸಂತ ಕಮಿಲ್ಲಸರ ಹಬ್ಬ.

ಈ ವಿದ್ಯೆಗೆ ‘ಪ್ಯಾಲಿಯೇಟಿವ್’ ಆರೈಕೆ ಎಂಬ ಹೆಸರನ್ನು ಎಪ್ಪತ್ತರ ದಶಕದಲ್ಲಿ ಕೆನಡಾದ ಡಾ. ಬಾಲ್ಫರ್ ಮೌಂಟ್ ರೂಢಿಗೆ ತಂದರು. ಕನ್ನಡದಲ್ಲಿ ಉಪಶಮನ ಆರೈಕೆ ಎನ್ನುತ್ತೇವೆ. ಮೂಲ ಪದ ‘ಪಾಲ್ಲಿಯುಮ್’, ಹೊದಿಕೆ. ಮಹಾಮೇತ್ರಾಣಿಗಳ ಹೆಗಲ ಮೇಲಿನ ಉಣ್ಣೆಯ ಪಟ್ಟಿಗೂ ಅದೇ ಹೆಸರು. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಅರ್ಧಕ್ಕೆ ಕತ್ತರಿಸಿ ಹೊದಿಸಿದ ಸಂತ ಮಾರ್ಟಿನರು ನೆನಪಾಗುತ್ತಾರೆ.

ಹಾಸ್ಪಿಸಿನ ದಾದಿಯು ದಿನವೂ ಮಾಡುವುದೇನು? ನಮ್ಮ ಧರ್ಮಕೇಂದ್ರದ ಮಗಳೊಬ್ಬರು ಬಹುಕಾಲ ಇಂಥ ಮನೆಗಳಲ್ಲಿ ದುಡಿದು ನಿವೃತ್ತರಾಗಿ ಊರಿಗೆ ಬಂದಿರುವರು. ಹೆಸರು ಹಾಕಕೂಡದೆಂದು ನನಗೆ ಆಜ್ಞೆಯಾಗಿದೆ. ಅವರಿಂದ ಕೇಳಿ ಬರೆದುಕೊಂಡದ್ದನ್ನು ಇಲ್ಲಿ ಕೊಡುವೆನು, ಏಕೆಂದರೆ ನಮ್ಮ ಮನೆಗಳಲ್ಲಿಯೂ ಇದು ಬೇಕಾಗುತ್ತದೆ.

ಏಳಲಾರದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲವಾದರೆ ಸೊಂಟದಲ್ಲಿಯೂ ಹಿಮ್ಮಡಿಯಲ್ಲಿಯೂ ಹಾಸಿಗೆ ಹುಣ್ಣು ಏಳುತ್ತದೆ. ಮಾರ್ಫಿನ್ ಕೊಡುವಾಗ ಮಲಬದ್ಧತೆ ತಪ್ಪದು, ಆದುದರಿಂದ ಭೇದಿಯ ಔಷಧಿಯನ್ನು ಮೊದಲ ದಿನದಿಂದಲೇ ಜೊತೆಗೆ ಕೊಡಬೇಕು. ಕೊಳೆತ ಹುಣ್ಣಿನ ವಾಸನೆಗೆ ಮೆಟ್ರೊನಿಡಜೋಲ್ ಎಂಬ ಅಗ್ಗದ ಮಾತ್ರೆಯನ್ನು ಪುಡಿಮಾಡಿ ಹುಣ್ಣಿನ ಮೇಲೆ ಉದುರಿಸಿದರೆ ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ಇದನ್ನು ಕೇಳಿ ನಾನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಜಗಲಿಯಲ್ಲಿಯೇ ಉಳಿದ ಆ ನೆಂಟರು ಒಂದು ಮಾತ್ರೆಯ ಬಲದಿಂದ ಒಳಕ್ಕೆ ಬಂದು ಕೈ ಹಿಡಿದು ಕೂರಬಹುದಾಗಿತ್ತು.

ಸಾವು ಸಮೀಪಿಸಿದಾಗ ಹಸಿವು ಬಾಯಾರಿಕೆಗಳು ತಾವಾಗಿಯೇ ಹೋಗುತ್ತವೆ. ಆಗ ಮನೆಯವರು ಒಬ್ಬರಾದ ಮೇಲೊಬ್ಬರು ಬಂದು ಪ್ರೀತಿಯಿಂದ ಬಾಯಿಗೆ ಹಾಲು ನೀರು ಹೊಯ್ಯುತ್ತಾರೆ. ನುಂಗಲಾರದವನಿಗೆ ಅದು ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟುತ್ತದೆ. ಒದ್ದೆ ಹತ್ತಿಯಿಂದ ತುಟಿ ನಾಲಿಗೆಗಳನ್ನು ತೇವ ಮಾಡಿದರೆ ಸಾಕು. ಗಂಟಲಿನಲ್ಲಿ ಗೊರಗೊರ ಸದ್ದು ಕೇಳಿದರೆ ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು. ಆ ಸದ್ದು ಕೇಳುವವರಿಗೆ ಕೊಡುವಷ್ಟು ಸಂಕಟವನ್ನು ರೋಗಿಗೆ ಕೊಡುವುದಿಲ್ಲ. ಮಾತು ನಿಂತವರ ಮುಂದೆಯೂ ಅವರು ಕೇಳುತ್ತಿದ್ದಾರೆಂದೇ ತಿಳಿದು ಮಾತನಾಡಬೇಕು. ಆಸ್ತಿಯ ಹಂಚಿಕೆಯ ಜಗಳವನ್ನು ಅಲ್ಲಿ ತೆಗೆಯಬಾರದು. ಈ ಕೊನೆಯ ಮಾತನ್ನು ಅವರು ಎರಡು ಸಲ ಹೇಳಿದರು.

ಅತ್ಯಂತ ಕಷ್ಟದ ಹೊತ್ತು ಯಾವುದೆಂದು ಕೇಳಿದೆನು. ರಾತ್ರಿ ಮೂರು ಗಂಟೆಯ ಮೇಲೆ ಎಂದರು. ಆಗ ರೋಗಿಗಳು, ನಾನು ಸಾಯುತ್ತಿದ್ದೇನೆಯೇ ಎಂದು ಕೇಳುತ್ತಾರಂತೆ. ಹಗಲು ವೈದ್ಯರನ್ನೂ ಕೇಳುವುದಿಲ್ಲ, ಗುರುಗಳನ್ನೂ ಕೇಳುವುದಿಲ್ಲ. “ನೀವು ಏನು ಹೇಳುತ್ತಿದ್ದಿರಿ ಅಮ್ಮ?” ಎಂದೆನು. “ಮೊದಲು ಕುರ್ಚಿ ಎಳೆದುಕೊಂಡು ಕೂರುತ್ತಿದ್ದೆ ಫಾದರ್. ನಿಂತುಕೊಂಡು ಉತ್ತರ ಕೊಡಬಾರದು. ನಿಮಗೆ ಏನನ್ನಿಸುತ್ತದೆ ಎಂದು ಕೇಳುತ್ತಿದ್ದೆ. ಹೆಚ್ಚು ಜನಕ್ಕೆ ಗೊತ್ತಿರುತ್ತದೆ. ಗೊತ್ತಿದೆ ಎಂದು ಹೇಳುವುದಕ್ಕೆ ಒಬ್ಬರು ಬೇಕಾಗಿರುತ್ತದೆ.” ಪ್ರಾಣ ಹೋದ ಮೇಲೆ ಮೈ ತೊಳೆಯುವಾಗಲೂ, ಈಗ ಈ ಕಡೆ ತಿರುಗಿಸುತ್ತೇನೆ ಎಂದು ಆ ದೇಹಕ್ಕೆ ಹೇಳಿಯೇ ತಿರುಗಿಸುವ ವಾಡಿಕೆ ಅವರದು. ಬಳಿಕ ಮುಖ ತೊಳೆದುಕೊಂಡು ಮುಂದಿನ ಹಾಸಿಗೆಗೆ ಹೋಗಬೇಕು. ಕೆಲವು ಸಾವುಗಳು ಮನೆಗೂ ಹಿಂಬಾಲಿಸಿ ಬರುತ್ತಿದ್ದವೆಂದೂ, ಅದರಲ್ಲಿಯೂ ತನ್ನ ಮಕ್ಕಳ ವಯಸ್ಸಿನವರದು, ಎಂದೂ ಹೇಳಿದರು. ಇಂಥವರ ಪಾಪನಿವೇದನೆಯನ್ನು ಮಾತ್ರ ಕೇಳಿ, ಇವರ ದುಃಖವನ್ನು ಒಮ್ಮೆಯೂ ಕೇಳದೆ ಎಷ್ಟು ಜನರನ್ನು ಕಳುಹಿಸಿದೆನೋ ನಾನರಿಯೆನು.

ಇನ್ನು ಆ ಮಗನ ಪ್ರಶ್ನೆಗೆ ಬರುವೆನು. 1957ರ ಫೆಬ್ರವರಿ 24ರಂದು, ಅಂದರೆ ಸಾಂಡರ್ಸರು ವೈದ್ಯರಾದ ವರ್ಷದಲ್ಲಿಯೇ, ಜಗದ್ಗುರು ಹನ್ನೆರಡನೆಯ ಪಿಯುಸರು ಅರಿವಳಿಕೆಯ ವೈದ್ಯರನ್ನು ಉದ್ದೇಶಿಸಿ ಮಾತನಾಡುತ್ತ ಇದೇ ಪ್ರಶ್ನೆಗೆ ಉತ್ತರ ಕೊಟ್ಟಿದ್ದರು. ಬೇರೆ ಉಪಾಯವಿಲ್ಲದಿದ್ದಾಗ, ಮಾಡಬೇಕಾದ ಧಾರ್ಮಿಕ ನೈತಿಕ ಕರ್ತವ್ಯಗಳಿಗೆ ಅಡ್ಡಿಯಾಗದಿದ್ದಲ್ಲಿ, ನೋವನ್ನು ತಗ್ಗಿಸುವ ಔಷಧಿಯನ್ನು ಕೊಡಬಹುದು. ಅದರಿಂದ ಎಚ್ಚರ ಕುಗ್ಗಿದರೂ, ಆಯುಸ್ಸು ಕೊಂಚ ಕಡಿಮೆಯಾದರೂ, ಕೊಲ್ಲುವ ಉದ್ದೇಶವಿಲ್ಲದುದರಿಂದ ದೋಷವಿಲ್ಲ. 1980ರ ಮೇ 5ರಂದು ವಿಶ್ವಾಸ ಬೋಧನೆಯ ಪವಿತ್ರ ಪೀಠವು ದಯಾಮರಣವನ್ನು ನಿಷೇಧಿಸಿ ಹೊರಡಿಸಿದ ಘೋಷಣೆಯಲ್ಲಿಯೂ ಈ ಮಾತನ್ನು ಪುನಃ ಹೇಳಿದೆ. ನೋವನ್ನು ಸ್ವಇಚ್ಛೆಯಿಂದ ಪ್ರಭುವಿಗೆ ಅರ್ಪಿಸುವವರನ್ನು ಧರ್ಮಸಭೆ ಗೌರವಿಸುತ್ತದೆ. ಆದರೆ ಅದನ್ನು ಇನ್ನೊಬ್ಬರ ಮೇಲೆ ಹೇರಲು ನಮಗೆ ಅಧಿಕಾರವಿಲ್ಲ. ಈ ಪಾಠವು ನಮ್ಮ ನೀತಿಶಾಸ್ತ್ರದ ಪಠ್ಯದಲ್ಲಿತ್ತು. ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕವನ್ನೂ ಪಡೆದಿದ್ದೆನು. ಸರಿಯಾದ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ಆಯುಸ್ಸನ್ನು ಕಡಿಮೆ ಮಾಡುವುದಿಲ್ಲವೆಂದೇ ಈಗಿನ ವೈದ್ಯರು ಹೇಳುತ್ತಾರೆ. ಆದುದರಿಂದ ಆ ಮಗನ ಭಯಕ್ಕೆ ಎರಡು ಕಡೆಯಿಂದಲೂ ಆಧಾರವಿರಲಿಲ್ಲ.

ಅಭ್ಯಂಗದ ವಿಷಯದಲ್ಲಿಯೂ ಒಂದು ಮಾತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿಯೇ ಇದು ಕೊನೆಯುಸಿರಿನವರಿಗೆ ಮಾತ್ರವೇ ಇರುವ ಸಂಸ್ಕಾರವಲ್ಲವೆಂದು ಹೇಳಿತು. 1972ರಲ್ಲಿ ಜಗದ್ಗುರು ಆರನೆಯ ಪೌಲರು ಅಸ್ವಸ್ಥರ ಅಭ್ಯಂಗದ ವಿಧಿಯನ್ನು ಹೊಸದಾಗಿ ಕೊಟ್ಟರು. ಆದರೂ ಇಂದಿಗೂ ನಮ್ಮನ್ನು ಕರೆಯುವುದು ಕಣ್ಣು ಮೇಲೆ ಸಿಕ್ಕಿಕೊಂಡ ಮೇಲೆಯೇ. ಗುರುಗಳ ಬಿಳಿ ನಿಲುವಂಗಿಯನ್ನು ಕಂಡ ಕೂಡಲೇ ರೋಗಿಯ ನಾಡಿ ಏರುತ್ತದೆಂದು ಮೇಲೆ ಹೇಳಿದ ನಿವೃತ್ತ ದಾದಿಯವರು ನನ್ನ ಮುಖಕ್ಕೇ ಹೇಳಿದ್ದಾರೆ.

ನಮ್ಮ ದೇಶದ ಕಥೆಯನ್ನು ಸಂಕ್ಷೇಪವಾಗಿ ಹೇಳುವೆನು. 1952ರ ಆಗಸ್ಟಿನಲ್ಲಿ ಮದರ್ ತೆರೇಸಾರವರು ಕಲ್ಕತ್ತೆಯ ಕಾಳಿಘಾಟಿನಲ್ಲಿ, ಕಾಳಿ ದೇವಾಲಯಕ್ಕೆ ಹೊಂದಿಕೊಂಡ ಯಾತ್ರಿಕರ ಛತ್ರವನ್ನು ನಗರಸಭೆಯಿಂದ ಪಡೆದು ನಿರ್ಮಲ ಹೃದಯವನ್ನು ತೆರೆದರು. ಬೀದಿಯಲ್ಲಿ ಬಿದ್ದವರಿಗೆ ಸಾಯಲು ಒಂದು ಸೂರು, ಒಂದು ಕೈ ದೊರೆಯಿತು. ‘ಹೋಸ್ಪೆಸ್’ ಎಂಬ ಪದದ ಹಳೆಯ ಅರ್ಥ ಅಲ್ಲಿ ಅಕ್ಷರಶಃ ನಿಜವಾಯಿತು. ಅವರು 2016ರಲ್ಲಿ ಸಂತ ಪದವಿಗೇರಿದ್ದನ್ನು ನಾವೆಲ್ಲ ಕಂಡಿದ್ದೇವೆ. ಆದರೆ 1994ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ಸಂಪಾದಕರು ಆ ಮನೆಯನ್ನು ನೋಡಿ ಬಂದು, ಪ್ರೀತಿ, ಶುಚಿತ್ವಗಳನ್ನು ಹೊಗಳಿಯೂ, ನೋವಿಗೆ ಪ್ರಬಲವಾದ ಔಷಧಿ ಅಲ್ಲಿಲ್ಲವೆಂದು ಬರೆದರು. ನಮ್ಮಲ್ಲಿ ಅನೇಕರು ಇದನ್ನು ನಿಂದೆಯೆಂದು ಭಾವಿಸಿದರು. ನನಗೆ ಹಾಗೆ ತೋರುವುದಿಲ್ಲ. ಡಬ್ಲಿನ್ನಿನ ಭಗಿನಿಯರಿಗೂ ಇದ್ದ ಕೊರತೆಯೇ ಅದು. ಹ್ಯಾಕ್ನಿಯ ಭಗಿನಿಯರು ಒಬ್ಬ ಹೊರಗಿನವಳಿಂದ ಕಲಿತರು. ಅದು ಅವರ ಹಿರಿಮೆ.

1986ರಲ್ಲಿ ಮುಂಬಯಿಯ ಬಾಂದ್ರಾದಲ್ಲಿ, ಮರಿಯಮ್ಮನವರ ಬೆಟ್ಟದ ದೇವಾಲಯದ ಸಮೀಪ, ಕ್ಯಾನ್ಸರ್ ಶಸ್ತ್ರವೈದ್ಯ ಡಾ. ಎಲ್. ಜೆ. ಡಿಸೋಜಾರವರು ಶಾಂತಿ ಆವೇದನಾ ಆಶ್ರಮವನ್ನು ಸ್ಥಾಪಿಸಿದರು. ಹೊಸ ವಿದ್ಯೆಯನ್ನು ಅಳವಡಿಸಿಕೊಂಡ ಭಾರತದ ಮೊದಲ ಹಾಸ್ಪಿಸ್ ಅದು. ಆದರೆ ಅದರ ಹಿಂದಿನ ವರ್ಷ, 1985ರಲ್ಲಿ, ಮಾದಕ ವಸ್ತುಗಳ ಕಾನೂನು ಬಂದಿತ್ತು. ಕಳ್ಳಸಾಗಣೆಯನ್ನು ತಡೆಯಲೆಂದು ಮಾಡಿದ ಆ ಕಾನೂನಿನಿಂದ ಔಷಧಿಯ ಮಾರ್ಫಿನ್ನಿಗೂ ಹಲವು ಇಲಾಖೆಗಳ ಹಲವು ಲೈಸನ್ಸುಗಳು ಬೇಕಾದವು. ಅಂಗಡಿಯವರೂ ಆಸ್ಪತ್ರೆಯವರೂ ಹೆದರಿ ಕೈಬಿಟ್ಟರು. 1997ರಲ್ಲಿ ಇಷ್ಟು ದೊಡ್ಡ ದೇಶವು ಬಳಸಿದ ಮಾರ್ಫಿನ್ 18 ಕಿಲೋ ಮಾತ್ರ. ಅಫೀಮನ್ನು ಕಾನೂನಿನ ಪ್ರಕಾರವೇ ಬೆಳೆದು ಪರದೇಶದ ಔಷಧಿಗಾಗಿ ಮಾರುವ ದೇಶ ನಮ್ಮದು! ಆ ಸಿಸ್ಟರ ಚೀಲ ಬರಿದಾಗಿದ್ದುದರ ಕಾರಣ ನನಗೆ ತಿಳಿದದ್ದು ಇದನ್ನು ಓದಿದಾಗ. 2014ರಲ್ಲಿ ಕಾನೂನು ತಿದ್ದುಪಡಿಯಾಗಿ ದಾರಿ ಸುಗಮವಾಯಿತು. ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರಲ್ಲಿ ಕೇರಳದ ಡಾ. ಎಂ. ಆರ್. ರಾಜಗೋಪಾಲರು ಪ್ರಮುಖರು. ಅವರೂ ಸಂಗಡಿಗರೂ 1993ರಲ್ಲಿ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನಲ್ಲಿ ಆರಂಭಿಸಿದ ಸಂಘದಿಂದ ಕೇರಳದ ಊರೂರಿಗೂ ಈ ಆರೈಕೆ ಹಬ್ಬಿತು. ಆ ಕಾಲದಲ್ಲಿ ನಮ್ಮ ದೇಶದ ದಾದಿಯರಿಗೂ ವೈದ್ಯರಿಗೂ ಈ ವಿದ್ಯೆಯನ್ನು ಕಲಿಸಲು ಊರೂರು ತಿರುಗಿದ ಗಿಲ್ಲಿ ಬರ್ನ್ ಎಂಬ ಇಂಗ್ಲಿಷ್ ದಾದಿಯನ್ನೂ ಇಲ್ಲಿ ನೆನೆಯಬೇಕು. ಇಂದು ಕೇರಳದಲ್ಲಿ ಪಂಚಾಯಿತಿಯ ದಾದಿಯು ರೋಗಿಯ ಮನೆಗೇ ಬರುತ್ತಾಳೆ.

ನಮ್ಮ ರಾಜ್ಯದಲ್ಲಿ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರರು, 1886ರಲ್ಲಿ ಬೆಂಗಳೂರಿನಲ್ಲಿ ಸಂತ ಮಾರ್ತಮ್ಮನವರ ಆಸ್ಪತ್ರೆಯ ಭಗಿನಿಯರು ಹಾಕಿದ ಅಡಿಪಾಯವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಪರರ ಮೈ ಮುಟ್ಟುವ ಕೆಲಸವೆಂದು ಬೇರೆಯವರು ಹೆಣ್ಣುಮಕ್ಕಳನ್ನು ಕಳುಹಿಸಲು ಹಿಂಜರಿಯುತ್ತಿದ್ದ ಕಾಲದಲ್ಲಿ ಈ ಕೆಲಸಕ್ಕೆ ಹೋದವರಲ್ಲಿ ಬಹುಮಂದಿ ಕ್ರೈಸ್ತ ಮನೆತನದ ಹೆಣ್ಣುಮಕ್ಕಳು. ಆದರೆ ಬೆಂಗಳೂರಿನ ಪ್ರಸಿದ್ಧ ಹಾಸ್ಪಿಸ್ ಆದ ಕರುಣಾಶ್ರಯವನ್ನು ಕಟ್ಟಿದವರು ನಾವಲ್ಲ. ಭಾರತೀಯ ಕ್ಯಾನ್ಸರ್ ಸಂಘದ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿಯವರು ಸೇರಿ 1994ರಲ್ಲಿ ಟ್ರಸ್ಟನ್ನು ಮಾಡಿ, 1999ರಲ್ಲಿ ಮಾರತಹಳ್ಳಿಯ ಬಳಿ ಮನೆಯನ್ನು ತೆರೆದರು. ಯಾರಿಂದಲೂ ಶುಲ್ಕ ತೆಗೆದುಕೊಳ್ಳುವುದಿಲ್ಲ. ವಾರ್ಡುಗಳ ಮುಂದೆ ನೀರಿನ ಕೊಳವಿದೆ. ನಮ್ಮ ಧರ್ಮಕೇಂದ್ರದ ಒಬ್ಬರನ್ನು ನೋಡಲು ನಾನು ಅಲ್ಲಿಗೆ ಹೋಗಿದ್ದಾಗ ಆ ಹಿರಿಯರು ದಿಂಬಿಗೊರಗಿ ಕುಳಿತು ಕಾಫಿ ಕುಡಿಯುತ್ತಿದ್ದರು. ಹದಿನೈದು ದಿನದ ಹಿಂದೆ ಅವರನ್ನು ಮನೆಯಲ್ಲಿ ಕಂಡಿದ್ದೆನಾದುದರಿಂದ ಗುರುತು ಹಿಡಿಯುವುದು ತಡವಾಯಿತು. ಅವರ ಪಾಪನಿವೇದನೆಯನ್ನು ಕೇಳಿದೆನು. ಅರ್ಧ ಗಂಟೆ ಮಾತನಾಡಿದರು. ನೋವಿನಲ್ಲಿದ್ದಾಗ ಅವರಿಂದ ಒಂದು ವಾಕ್ಯವನ್ನೂ ಪೂರೈಸಲಾಗಿರಲಿಲ್ಲ.

ಈಗ ಮನೆಯಲ್ಲಿ ವಾಸಿಯಾಗದ ರೋಗಿಗಳಿರುವವರು ತಿಳಿಸಿದರೆ, ಮೇಲೆ ಹೇಳಿದ ನಿವೃತ್ತ ದಾದಿಯವರೂ ನಾನೂ ಗುರುವಾರಗಳಂದು ಜೊತೆಯಾಗಿ ಬರುತ್ತೇವೆ. ಮೊದಲು ಅವರು ಒಳಗೆ ಹೋಗುತ್ತಾರೆ, ಅನಂತರ ನಾನು. ದಯವಿಟ್ಟು ಬೇಗ ತಿಳಿಸಿರಿ.

ಮರಣದ ಪುಸ್ತಕದ ಈಗಿನ ಮುದ್ರಿತ ಪುಟಗಳಲ್ಲಿ ಕೊನೆಯ ಕಾಲಮಿಗೆ ‘ಷರಾ’ ಎಂದು ಹೆಸರು. ಬಹುತೇಕ ಖಾಲಿಯಿರುತ್ತದೆ. ಈ ವರ್ಷ ಒಬ್ಬ ಅಜ್ಜಿಯವರನ್ನು ಮಣ್ಣು ಮಾಡಿದ ದಿನ, ಎಂಟು ತಿಂಗಳು ಅವರ ಮೈ ಒರೆಸಿ ಮಗ್ಗುಲು ಬದಲಿಸಿದ ಸೊಸೆಯನ್ನು ಕರೆದು, ಪೂರ್ತಿ ಹೆಸರು ಕೇಳಿ, ಆಕೆಯ ಎದುರಿಗೇ ಷರಾ ಕಾಲಮಿನಲ್ಲಿ ಬರೆದೆನು. ಆಕೆ ಬಗ್ಗಿ ನೋಡಿ ಗಾಬರಿಯಾದಳು. “ಸತ್ತವರ ಪುಸ್ತಕದಲ್ಲಿ ನನ್ನ ಹೆಸರು ಯಾಕೆ ಸ್ವಾಮಿ?” ಎಂದಳು.